ಮೂರನೆಯ ವಾರ ದಾಟಿಸುವ ಕೆಲಸ

ನಾನು ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಪುಸ್ತಕಗಳ ಜೊತೆಗೆ ಕೇಂದ್ರ ಸರ್ಕಾರದ ಕಲಿಕಾ ಜಾಲತಾಣ ಸ್ವಯಂ ಮತ್ತು ಐಐಟಿಗಳ ಪಾಠಗಳನ್ನು ಒದಗಿಸುವ ಎನ್‌ಪಿಟೆಲ್‌ನ ಆನ್‌ಲೈನ್ ಕೋರ್ಸ್‌ಗಳ ಸಂಯೋಜನೆಯ ಹೊಣೆಯೂ ನನ್ನದೇ. ಇಂಥದೇ ಹೊಣೆ ಹೊತ್ತಿರುವ ಬೇರೆ ಕಾಲೇಜುಗಳ ಸಹೋದ್ಯೋಗಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಉಚಿತ ಕೋರ್ಸ್‌ಗೆ ಹೆಸರು ನೋಂದಾಯಿಸಲು ಒಂದು ಇಮೇಲ್ ಇದ್ದರೆ ಸಾಕು. ಮೊದಲ ಎರಡು ವಾರ ಪೀಠಿಕೆಯಲ್ಲೇ ಕಳೆಯುತ್ತವೆ, ಎಲ್ಲರೂ ಹುರುಪಿನಲ್ಲಿರುತ್ತಾರೆ. ಮೂರನೆಯ ವಾರ ವಿಷಯ ಗಟ್ಟಿಯಾಗುತ್ತದೆ; ಅದೇ ಹೊತ್ತಿಗೆ ಕಾಲೇಜಿನ ಕಿರುಪರೀಕ್ಷೆಗಳೂ ಎದುರಾಗುತ್ತವೆ. ಒಂದು ಅಸೈನ್‌ಮೆಂಟ್ ತಪ್ಪುತ್ತದೆ. "ಮೇಡಂ, ಇನ್ನು ಮಾಡಿ ಪ್ರಯೋಜನವಿಲ್ಲ" ಎಂದು ವಿದ್ಯಾರ್ಥಿ ಅಲ್ಲಿಗೇ ಕೈಬಿಡುತ್ತಾನೆ. ಸಂಯೋಜಕರ ನಿಜವಾದ ಕೆಲಸ ಶುರುವಾಗುವುದು ಆಗ.

ಹೀಗೆ ಕೈಬಿಡುವವರಲ್ಲಿ ಅನೇಕರಿಗೆ ಅಂಕಗಳ ಲೆಕ್ಕವೇ ತಿಳಿದಿರುವುದಿಲ್ಲ. ಎನ್‌ಪಿಟೆಲ್‌ನಲ್ಲಿ ಒಟ್ಟು 100 ಅಂಕಗಳಲ್ಲಿ ಅಸೈನ್‌ಮೆಂಟ್‌ಗಳಿಗೆ 25, ಅಂತಿಮ ಪರೀಕ್ಷೆಗೆ 75. 12 ವಾರಗಳ ಕೋರ್ಸ್‌ನಲ್ಲಿ ಅತ್ಯುತ್ತಮವಾದ 8 ಅಸೈನ್‌ಮೆಂಟ್‌ಗಳನ್ನು, 8 ವಾರಗಳದ್ದರಲ್ಲಿ 6ನ್ನು, 4 ವಾರಗಳದ್ದರಲ್ಲಿ 3ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಪ್ರಮಾಣಪತ್ರ ಪಡೆಯಲು 25ಕ್ಕೆ 10, 75ಕ್ಕೆ 30 ಬಂದರೆ ಸಾಕು. ಒಂದು ವಾರ ತಪ್ಪಿದರೆ ಎಲ್ಲ ಮುಗಿದುಹೋಗುವುದಿಲ್ಲ ಎಂಬುದನ್ನು ಹಾಳೆಯಲ್ಲಿ ಬರೆದು ತೋರಿಸಿದರೆ ಬಿಟ್ಟುಹೋದವರೂ ಮರಳಿ ಬರುತ್ತಾರೆ. ಮೊಬೈಲ್‌ನಲ್ಲಿ ಸಂದೇಶ ಕಳಿಸಿದರೆ ಸಾಲದು, ಎದುರಿಗೆ ಕೂರಿಸಿಕೊಂಡು ಅವರವರ ಅಂಕಗಳನ್ನೇ ತೋರಿಸಿ ಹೇಳಬೇಕು.

ಇನ್ನು ಕೋರ್ಸ್‌ನ ಆಯ್ಕೆ. 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎನ್‌ಪಿಟೆಲ್ ಆರಂಭಿಸಿದಾಗ ಎಂಜಿನಿಯರಿಂಗ್ ಪಾಠಗಳೇ ಮುಂದಿದ್ದವು. ಆ ಹೆಸರಿನ ಗುಂಗಿನಲ್ಲಿ ಬಿಎ ವಿದ್ಯಾರ್ಥಿಗಳು ಇದು ತಮ್ಮದಲ್ಲವೆಂದು ದೂರ ನಿಲ್ಲುತ್ತಾರೆ. ಮನೋವಿಜ್ಞಾನ, ತತ್ತ್ವಶಾಸ್ತ್ರ, ಸಾಹಿತ್ಯ, ಅರ್ಥಶಾಸ್ತ್ರದ ಕೋರ್ಸ್‌ಗಳು ಅಲ್ಲಿಯೇ ಇವೆ. 2017ರಲ್ಲಿ ಶುರುವಾದ ಸ್ವಯಂನಲ್ಲಂತೂ ಇಗ್ನೊ, ಬೆಂಗಳೂರಿನ ಐಐಎಂ ಮುಂತಾದ ಸಂಸ್ಥೆಗಳ ಪಾಠಗಳೂ ಸಿಗುತ್ತವೆ. ಮತ್ತೊಂದೆಡೆ, ಗೆಳೆಯರೆಲ್ಲ ಸೇರಿದರೆಂದು ಐಐಟಿ ರೋಪರ್‌ನ 'ಜಾಯ್ ಆಫ್ ಕಂಪ್ಯೂಟಿಂಗ್' ಎಂಬ ಪ್ರೋಗ್ರಾಮಿಂಗ್ ಕೋರ್ಸ್‌ಗೆ ಹೆಸರು ಕೊಟ್ಟು ಬರುವವರೂ ಇರುತ್ತಾರೆ. ಪಾಠ ಸೊಗಸಾಗಿದೆ, ಆದರೆ ಅದು 12 ವಾರಗಳದ್ದು. ಮೊದಲ ಸಲ ಕಲಿಯುವವರಿಗೆ ನಾನು ಹೇಳುವುದು 4 ವಾರಗಳದ್ದನ್ನೇ. ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಇದರಲ್ಲಿ ಸಿಗುವುದು ಒಂದೇ, 12 ವಾರಗಳದ್ದರಲ್ಲಾದರೆ ಮೂರು ಎಂದು ಮೂಗು ಮುರಿಯುವವರಿದ್ದಾರೆ. ಮುಗಿಸಿದ ಒಂದು ಕ್ರೆಡಿಟ್ ಕೊಡುವ ಧೈರ್ಯವನ್ನು ಅರ್ಧಕ್ಕೆ ಬಿಟ್ಟ ಮೂರು ಕ್ರೆಡಿಟ್ ಕೊಡುವುದಿಲ್ಲ.

ಭಾಷೆಯ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮಂಥ ಕಾಲೇಜುಗಳಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಅದೇ. ಕನ್ನಡ ಮಾಧ್ಯಮದಲ್ಲಿ ಅರ್ಥಶಾಸ್ತ್ರ ಓದಿ ಬಂದ ಹುಡುಗಿಗೆ ವಿಡಿಯೊದಲ್ಲಿನ ಇಂಗ್ಲಿಷ್ ಒಂದೇ ಓಟದಲ್ಲಿ ಸರಿದುಹೋಗುತ್ತದೆ. ತನಗೆ ವಿಷಯವೇ ತಿಳಿಯದು ಎಂದು ಆಕೆ ನಂಬಿಬಿಡುತ್ತಾಳೆ. ವಾಸ್ತವದಲ್ಲಿ ಬೇಡಿಕೆ, ಪೂರೈಕೆ, ಬೆಲೆ ನಿರ್ಧಾರ ಎಲ್ಲವನ್ನೂ ಆಕೆ ಪಿಯುಸಿಯಲ್ಲೇ ಚೆನ್ನಾಗಿ ಓದಿರುತ್ತಾಳೆ. ಆದ್ದರಿಂದ ನಮ್ಮಲ್ಲಿ ಕ್ರಮವನ್ನು ಬದಲಿಸಿದ್ದೇವೆ. ಮೊದಲು ಆ ವಾರದ ಪಾಠದ ಲಿಖಿತ ರೂಪವನ್ನು ಮುದ್ರಿಸಿ ಕೊಡುತ್ತೇನೆ. ಪಕ್ಕದಲ್ಲಿ ಪಿಯುಸಿಯ ಕನ್ನಡ ಪಠ್ಯಪುಸ್ತಕ ತೆರೆದಿರುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದ ಮೇಲೆ ವಿಡಿಯೊ, ಅದೂ ವೇಗ ತಗ್ಗಿಸಿ. ಕೆಲವು ಕೋರ್ಸ್‌ಗಳ ಪಾಠಗಳನ್ನು ಎನ್‌ಪಿಟೆಲ್ ಕನ್ನಡದಲ್ಲೂ ಒದಗಿಸಿದೆ. ನೋಂದಾಯಿಸುವ ಮುನ್ನ ಅದನ್ನು ಹುಡುಕಿ ನೋಡುವುದು ಒಳ್ಳೆಯದು. ವಿದ್ಯಾರ್ಥಿಗಳು ತಾವು ಕಲಿತ ಪಾರಿಭಾಷಿಕ ಪದಗಳನ್ನು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಪುಸ್ತಕ ಗ್ರಂಥಾಲಯದಲ್ಲೇ ಉಳಿಯುತ್ತದೆ, ಮುಂದಿನ ತಂಡ ಅದರಿಂದಲೇ ಶುರುಮಾಡುತ್ತದೆ. ನಾನು ಮಾಡಿಸಿದ ಕೆಲಸಗಳಲ್ಲಿ ಇದರ ಬಗ್ಗೆ ನನಗೆ ತುಂಬ ಪ್ರೀತಿ.

ಅಸೈನ್‌ಮೆಂಟ್‌ಗಳ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ. ನಾವು ಮಂಗಳವಾರ ಮಧ್ಯಾಹ್ನವೇ ಗ್ರಂಥಾಲಯದಲ್ಲಿ ಒಟ್ಟಿಗೆ ಕೂರುತ್ತೇವೆ. ಸಂಜೆಯ ಬಸ್ ತಪ್ಪಿದರೆ ಊರು ಸೇರಲಾಗದ ಹುಡುಗಿಯರಿಗೆ ರಾತ್ರಿಯ ಗಡುವು ಗಡುವೇ ಅಲ್ಲ. ಮನೆಯಲ್ಲಿ ಒಂದೇ ಮೊಬೈಲ್, ಅದೂ ಅಪ್ಪನ ಕೈಯಲ್ಲಿ.

ಹಣದ ವಿಷಯದಲ್ಲಿ ಮುಚ್ಚುಮರೆ ಬೇಡ. ಕಲಿಕೆ ಉಚಿತ, ಪರೀಕ್ಷೆ ಉಚಿತವಲ್ಲ. ಎನ್‌ಪಿಟೆಲ್ ಪರೀಕ್ಷೆಗೆ ಒಂದು ಕೋರ್ಸ್‌ಗೆ 1000 ರೂಪಾಯಿ ಎಂದು ಕಟ್ಟಿಸಿಕೊಂಡು ಬಂದಿದ್ದೇವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ರಿಯಾಯಿತಿ ಉಂಟು. ಜೊತೆಗೆ ಪರೀಕ್ಷಾ ಕೇಂದ್ರವಿರುವ ಊರಿಗೆ ಹೋಗಿಬರುವ ಖರ್ಚು. ಕೂಲಿ ಮಾಡುವ ಮನೆಯ ಮಗುವಿಗೆ ಇದನ್ನು ಮೊದಲ ದಿನವೇ ಹೇಳಬೇಕು. ವರದಿಯಲ್ಲಿ ತೋರಿಸಲು ಸಂಖ್ಯೆ ಬೇಕೆಂದು ಎಲ್ಲರನ್ನೂ ಪರೀಕ್ಷೆಗೆ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಶುಲ್ಕ ಕಟ್ಟದೆಯೂ ಪಾಠ ಕೇಳಬಹುದು, ಅಸೈನ್‌ಮೆಂಟ್ ಬರೆಯಬಹುದು.

ದಿನಾಂಕದ ಕಟ್ಟುಪಾಡೇ ಬೇಡ ಎನ್ನುವವರಿಗೆ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2006ರಿಂದ ನಡೆಸುತ್ತಿರುವ ಓಪನ್‌ಲರ್ನ್ ಇದೆ. ಇತಿಹಾಸ, ಕಾನೂನು, ವಿಜ್ಞಾನ, ಭಾಷೆ ಹೀಗೆ ಹಲವು ವಿಷಯಗಳಲ್ಲಿ ಕೆಲವೇ ಗಂಟೆಗಳ ಕೋರ್ಸ್‌ಗಳು. ಎಷ್ಟು ಗಂಟೆ ಹಿಡಿಯುತ್ತದೆ, ಯಾವ ಮಟ್ಟದ್ದು ಎಂಬುದನ್ನು ಆರಂಭದಲ್ಲೇ ನಮೂದಿಸಿರುತ್ತಾರೆ. ಮುಗಿಸಿದವರಿಗೆ ಭಾಗವಹಿಸಿದ ಪತ್ರವೂ ಉಚಿತ. ಕ್ರೆಡಿಟ್ ಬೇಕಾದವರಿಗೆ ಇದು ಆಗದು. ಇಂಗ್ಲಿಷ್ ಓದಿನ ರೂಢಿ ಬೆಳೆಸಿಕೊಳ್ಳಲು ಮಾತ್ರ ಬಹಳ ಒಳ್ಳೆಯದು. ರಜೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ನಾನು ಸೂಚಿಸುವುದು ಇದನ್ನೇ.

ಸ್ವಯಂನಲ್ಲಿ ಕೋರ್ಸ್‌ಗಳು ಜನವರಿ ಮತ್ತು ಜುಲೈ ಸರಣಿಗಳಲ್ಲಿ ತೆರೆಯುತ್ತವೆ. ಪಟ್ಟಿ ಬಂದ ಕೂಡಲೇ ನಿಮ್ಮ ಕಾಲೇಜಿನ ಕಿರುಪರೀಕ್ಷೆಯ ವೇಳಾಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಮೂರನೆಯ ವಾರಕ್ಕೆ ಪರೀಕ್ಷೆ ಬಿದ್ದಿದ್ದರೆ, ವಿಭಾಗದ ಮುಖ್ಯಸ್ಥರೊಡನೆ ಮಾತನಾಡಿ ಒಂದೆರಡು ದಿನ ಆಚೀಚೆ ಮಾಡಿಸಿಕೊಳ್ಳಿ.