ಜ್ವರ ಬಿಟ್ಟವರಿಗೆ ‘ಮರುದಿನ ಹೇಗಿತ್ತು?’ ಅಂತ ಕೇಳಬೇಕು

ಶಿರಸಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಸೊಂಟನೋವು, ಮಂಡಿನೋವಿನವರೇ ಜಾಸ್ತಿ ಬರುತ್ತಾರೆ. ಮಳೆಗಾಲ ಮುಗಿದ ಮೇಲೆ ಡೆಂಗಿ, ಚಿಕುನ್‌ಗುನ್ಯಾ ಆಗಿ ಎದ್ದವರೂ ಬರುತ್ತಾರೆ. ಬೇಸಿಗೆಯಲ್ಲಾದರೆ ಸಿದ್ದಾಪುರದ ಕಡೆಯಿಂದ ಮಂಗನ ಕಾಯಿಲೆ ಆದವರು. ಜ್ವರ ಬಿಟ್ಟು ತಿಂಗಳುಗಳಾಗಿರುತ್ತವೆ, ರಕ್ತದ ರಿಪೋರ್ಟು ಸರಿ ಇರುತ್ತದೆ. ಆದರೂ ಮೈಯಲ್ಲಿ ಬಲವಿಲ್ಲ.

ಇದನ್ನು ನನಗೆ ಸರಿಯಾಗಿ ಕಲಿಸಿದವರು ಒಬ್ಬ ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು. ಚಿಕುನ್‌ಗುನ್ಯಾ ಆಗಿತ್ತು. ಕೈಹಿಡಿತ ನೋಡಿದೆ, ಕೂತು ಏಳಿಸಿದೆ, ಎಲ್ಲ ಚೆನ್ನಾಗೇ ಇತ್ತು. ನಾಲ್ಕಾರು ಮರ ಹತ್ತಿ ಇಳಿದಿದ್ದರಂತೆ, ಆ ದಿನ ಏನೂ ಆಗಿರಲಿಲ್ಲ. ಮರುದಿನ ಹೇಗಿತ್ತು ಅಂತ ಕೇಳಿದೆ. “ಎರಡು ದಿನ ಏಳೂಕೇ ಆಗ್ಲಿಲ್ರಾ” ಅಂದರು. ತೋಟದ ಒಡೆಯರು ಮಾತ್ರ “ನಿನ್ನೆ ಮರ ಹತ್ತಿದವನಿಗೆ ಇವತ್ತೇನು ಧಾಡಿ?” ಅಂದಿದ್ದರು.

ಗುಟ್ಟು ಇರುವುದು ಅಲ್ಲೇ. ಸುಮ್ನೆ ಮಲಗಿ ಮೈ ಜಡ್ಡುಗಟ್ಟಿದವರಿಗೆ ಕೆಲಸ ಮಾಡುವಾಗಲೇ ಆಯಾಸ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿದರೆ ಸುಧಾರಿಸುತ್ತಾರೆ. ಸೋಂಕಿನ ನಂತರದ ಸುಸ್ತು ಇರುವ ಹಲವರಿಗೆ ಹೊಡೆತ ಬೀಳುವುದು ತಡವಾಗಿ, ಮರುದಿನವೋ ಅದರ ಮರುದಿನವೋ. ನಿದ್ದೆ ಮಾಡಿದರೂ ಹಗುರಾಗುವುದಿಲ್ಲ. ತಲೆ ಮಂಕಾಗಿರುತ್ತದೆ, ಲೆಕ್ಕ ತಪ್ಪುತ್ತದೆ. ಇಂಥವರನ್ನು ‘ಏಳಿ, ದುಡಿಯಿರಿ’ ಅಂತ ದೂಡಿದರೆ ಇನ್ನೂ ಕುಸಿಯುತ್ತಾರೆ. ದೀರ್ಘಕಾಲದ ಸುಸ್ತಿನ ಕಾಯಿಲೆಗೆ ಲೆಕ್ಕ ಹಾಕಿ ವ್ಯಾಯಾಮ ಏರಿಸುತ್ತಾ ಹೋಗುವ ಪದ್ಧತಿಯನ್ನು ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿತು.

ಇದು ಮನಸ್ಸಿನ ಸೋಮಾರಿತನ ಅನ್ನುವವರಿಗೆ ನಾನು ಆಸ್ಟ್ರೇಲಿಯಾದ ಡಬ್ಬೋ ಊರಿನ ಅಧ್ಯಯನ ಹೇಳುತ್ತೇನೆ. 2006ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಮೂರು ಸೋಂಕು ಆದ 253 ಜನರನ್ನು ನೋಡಿದ್ದರು. ಅದರಲ್ಲಿ ಒಂದು ರಾಸ್ ರಿವರ್ ವೈರಸ್, ನಮ್ಮ ಚಿಕುನ್‌ಗುನ್ಯಾದ ಹತ್ತಿರದ ಸಂಬಂಧಿ, ಅದೂ ಸೊಳ್ಳೆಯಿಂದಲೇ ಬರುವುದು. ಆರು ತಿಂಗಳಾದರೂ 29 ಜನ ಸುಸ್ತು, ಮೈಕೈ ನೋವಿನಲ್ಲೇ ಇದ್ದರು. ಯಾರು ಹೀಗೆ ಉಳಿಯುತ್ತಾರೆ ಅನ್ನುವುದನ್ನು ಮುಖ್ಯವಾಗಿ ತೋರಿಸಿದ್ದು ಮೊದಲ ಕಾಯಿಲೆ ಎಷ್ಟು ಜೋರಾಗಿತ್ತು ಅನ್ನುವುದು. ವಯಸ್ಸಲ್ಲ, ಮನಸ್ಸಿನ ಸ್ವಭಾವವೂ ಅಲ್ಲ.

ಹಾಗಂತ ಎಲ್ಲ ಸುಸ್ತನ್ನೂ ಇದರ ಮೇಲೆ ಹಾಕಬಾರದು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಕ್ಷಯ ಇವನ್ನು ಡಾಕ್ಟರು ನೋಡಿರಲೇಬೇಕು. ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಎದೆನೋವು ಇದ್ದರೆ ನಾನು ಮುಟ್ಟುವ ಮೊದಲೇ ಅವರ ಹತ್ತಿರ ಕಳಿಸುತ್ತೇನೆ.

ಉಳಿದವರಿಗೆ ಹೇಳುವುದು ಇಷ್ಟೇ: ಮರುದಿನ ಕುಸಿಯದಷ್ಟು ಮಾಡಿ, ತುಂಡು ತುಂಡಾಗಿ ಮಾಡಿ, ನಡುವೆ ಮಲಗಿ. ಹಗುರ ಅನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗಬೇಡಿ. ಹೆಚ್ಚಿನವರು ಎಡವುವುದು ಆ ದಿನವೇ.

ನನಗೆ ಜಾಸ್ತಿ ಸಂಕಟ ಆಗುವುದು ಹೆಂಗಸರನ್ನು ನೋಡಿ. ಕೊನೆಗೌಡರಿಗಾದರೆ ಮರ ಹತ್ತಬೇಡಿ, ಕೂತು ಅಡಿಕೆ ಆರಿಸಿ ಅಂತ ಚೀಟಿ ಬರೆದು ಒಡೆಯರಿಗೆ ಕಳಿಸಬಹುದು. ಕೊಟ್ಟಿಗೆ, ಅಡುಗೆ, ಪಾತ್ರೆ, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವುದು, ಇದಕ್ಕೆಲ್ಲ ಯಾರಿಗೆ ಚೀಟಿ ಬರೆಯುವುದು? ಅದಕ್ಕೇ ಜೊತೆಗೆ ಬಂದ ಗಂಡನನ್ನೋ ಅತ್ತೆಯನ್ನೋ ಒಳಗೆ ಕರೆದು ಕೂರಿಸುತ್ತೇನೆ. ದನ ಕರೆಯುವುದು ಯಾರು, ನೀರು ತರುವುದು ಯಾರು, ಅಲ್ಲೇ ಮಾತಾಡಿ ತೀರ್ಮಾನ ಮಾಡಿಸಿಯೇ ಕಳಿಸುತ್ತೇನೆ.