ಪಾತ್ರೆ ತೊಳೆದರೆ ಹತ್ತು ರೂಪಾಯಿ ಕೊಡಬೇಕೇ?

ಉಡುಪಿಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು ನಾನು. ಪೋಷಕರ ಸಭೆ ಮುಗಿದು ಅಂಕಪಟ್ಟಿಗೆ ಸಹಿ ಬಿದ್ದ ಮೇಲೆ, ಹೊರಟವರು ಬಾಗಿಲ ಬಳಿ ನಿಂತು ಕೇಳುವುದು ಇದನ್ನೇ: "ಟೀಚರೇ, ಇವನು ಮನೆಯಲ್ಲಿ ಒಂದು ಕಡ್ಡಿ ಎತ್ತಿ ಇಡುವುದಿಲ್ಲ. ಏನಾದರೂ ಕೊಡುತ್ತೇನೆ ಎಂದರೆ ಮಾತ್ರ ಏಳುತ್ತಾನೆ. ಹಾಗೆ ಕೊಟ್ಟು ಮಾಡಿಸುವುದು ಸರಿಯೇ?"

ಕೊಡಬಹುದು, ಆದರೆ ಎಲ್ಲ ಕೆಲಸಕ್ಕೂ ಅಲ್ಲ. ತಾನು ಉಂಡ ತಟ್ಟೆ, ತನ್ನ ಹಾಸಿಗೆ, ಒಗೆಯಲು ಹಾಕಬೇಕಾದ ಯೂನಿಫಾರ್ಮ್, ಎಲ್ಲರೂ ಓಡಾಡುವ ಜಗಲಿ, ಇವಕ್ಕೆ ಕಾಸೂ ಇಲ್ಲ, ಶಾಬಾಸ್ ಎಂದು ಪಟ್ಟಿಗೆ ಹಾಕುವ ನಕ್ಷತ್ರವೂ ಇಲ್ಲ. ಹೊರಗಿನವರನ್ನು ಕರೆದರೆ ಕೂಲಿ ಕೊಡಲೇಬೇಕಾದ ಕೆಲಸಗಳು ಬೇರೆ. ಸ್ಕೂಟರ್ ತೊಳೆಯುವುದು, ಬಿದ್ದ ಅಡಿಕೆ ಹೆಕ್ಕುವುದು, ಅಟ್ಟದ ಹಳೆಯ ಪತ್ರಿಕೆಗಳನ್ನು ಕಟ್ಟಿ ಗುಜರಿಗೆ ಹಾಕುವುದು, ಇವಕ್ಕೆ ಧಾರಾಳವಾಗಿ ಕೊಡಿ. ಗುಜರಿಯ ದುಡ್ಡು ಪೂರ್ತಿ ಅವನಿಗೇ ಇರಲಿ.

ಈ ಗೆರೆ ಏಕೆ ಬೇಕೆಂದರೆ, ಯಾವ ಕೆಲಸಕ್ಕೆ ಬೆಲೆ ಕಟ್ಟುತ್ತೇವೋ ಅದನ್ನು ಬೇಡ ಎನ್ನುವ ಹಕ್ಕನ್ನೂ ಜೊತೆಗೆ ಕೊಟ್ಟುಬಿಡುತ್ತೇವೆ. "ಇವತ್ತು ನನಗೆ ಹತ್ತು ರೂಪಾಯಿ ಬೇಡ" ಎಂದು ಮಗು ಹೇಳಿದರೆ ನಿಮ್ಮ ಬಾಯಿ ಕಟ್ಟಿತು.

ನನ್ನ ಪರಿಚಯದ ಮನೆಯೊಂದರಲ್ಲಿ ಫ್ರಿಜ್ ಬಾಗಿಲಿಗೆ ಪಟ್ಟಿ ಅಂಟಿಸಿದ್ದರು. ಚಪ್ಪಲಿ ಜೋಡಿಸಿದರೆ ಒಂದು ನಕ್ಷತ್ರ, ನೀರಿನ ಬಾಟಲಿ ತುಂಬಿಸಿದರೆ ಇನ್ನೊಂದು, ಇಪ್ಪತ್ತು ಸೇರಿದರೆ ಒಂದು ಗಡ್‌ಬಡ್ ಐಸ್‌ಕ್ರೀಂ. ಮೂರನೇ ತರಗತಿಯ ಹುಡುಗ. ಬಂದ ನೆಂಟರ ಚಪ್ಪಲಿಯನ್ನೂ ಬಿಡದೆ ಸಾಲು ಮಾಡುತ್ತಿದ್ದ. ಜೂನ್‌ನ ಒಂದು ಮಧ್ಯಾಹ್ನ ತುಸು ಬಿಸಿಲು ಕಂಡಿತೆಂದು ತಾಯಿ ಬಟ್ಟೆಗಳನ್ನು ಅಂಗಳದ ತಂತಿಗೆ ಹಾಕಿ ಸ್ನಾನಕ್ಕೆ ಹೋದರು. ಮಲ್ಪೆ ಕಡೆಯಿಂದ ಮೋಡ ಏರಿ ಬಂದು ಸುರಿಯಿತು. ನಮ್ಮ ಮಳೆಗಾಲದಲ್ಲಿ ಒಮ್ಮೆ ನೆನೆದ ಬಟ್ಟೆ ಮೂರು ದಿನವಾದರೂ ಮುಗ್ಗು ವಾಸನೆ ಬಿಡುವುದಿಲ್ಲ. ಹುಡುಗ ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ. ಬೈಗುಳ ಬಿದ್ದಾಗ ಕಣ್ಣು ಪಿಳಿಪಿಳಿ ಬಿಟ್ಟು ಕೇಳಿದ: "ಬಟ್ಟೆ ತೆಗೆಯುವುದು ಪಟ್ಟಿಯಲ್ಲಿ ಇಲ್ಲವಲ್ಲ ಅಮ್ಮಾ?"

ಅವನದು ಉದ್ಧಟತನವಲ್ಲ. ದೊಡ್ಡವರು ಬರೆದ ಕರಾರನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದ. ಪಟ್ಟಿ ಕಲಿಸಿದ್ದು ಪಟ್ಟಿಯನ್ನು ನೋಡುವುದನ್ನು, ಆಕಾಶ ನೋಡುವುದನ್ನಲ್ಲ.

ಇಂಥ ಲೆಕ್ಕಾಚಾರ ಹೊಸದೇನಲ್ಲ. 1960ರ ದಶಕದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಐಲಾನ್ ಮತ್ತು ಆಜ್ರಿನ್ ಎಂಬ ಮನಶ್ಶಾಸ್ತ್ರಜ್ಞರು ರೋಗಿಗಳಿಗೆ ಕೆಲಸಕ್ಕೆ ಪ್ರತಿಯಾಗಿ, ಬೇಕಾದ ವಸ್ತು ಸೌಲಭ್ಯಗಳಿಗೆ ಬದಲಾಯಿಸಿಕೊಳ್ಳಬಹುದಾದ ಟೋಕನ್ ಕೊಟ್ಟು ನೋಡಿದರು. ಟೋಕನ್ ಇರುವಷ್ಟು ದಿನ ಕೆಲಸ ನಡೆಯಿತು, ನಿಲ್ಲಿಸಿದಾಗ ಕುಸಿಯಿತು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಮೂವರೂ ಸೇರಿ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಚಿತ್ರ ಬಿಡಿಸುವ ಖುಷಿ ಇದ್ದ ಮಕ್ಕಳನ್ನು ಆರಿಸಿ, ಕೆಲವರಿಗೆ "ಬಿಡಿಸಿದರೆ ಬಹುಮಾನ" ಎಂದು ಮೊದಲೇ ಹೇಳಿದರು. ಕೆಲವು ದಿನಗಳ ನಂತರ ಆ ಮಕ್ಕಳು ಚಿತ್ರಕ್ಕೆ ಕೊಡುವ ಸಮಯ ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಕೇಳದೆ ಬಹುಮಾನ ಪಡೆದ ಮಕ್ಕಳ ಉತ್ಸಾಹ ಮಾತ್ರ ಹಾಗೇ ಇತ್ತು. ನನಗೆ ಇದರಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಈ ಕೊನೆಯ ಮಾತು. ಕೆಲಸ ಮುಗಿದ ಮೇಲೆ "ಬಾ, ಬೀಚಿಗೆ ಹೋಗಿ ಬರೋಣ" ಎನ್ನುವುದಕ್ಕೂ "ಮುಗಿಸಿದರೆ ಬೀಚು" ಎನ್ನುವುದಕ್ಕೂ ಬಹಳ ಅಂತರವಿದೆ.

"ಚಿತ್ರ ಬಿಡಿಸುವುದು ಇಷ್ಟದ ಕೆಲಸ, ಪಾತ್ರೆ ತೊಳೆಯುವುದು ಯಾರಿಗೆ ಇಷ್ಟ?" ಎಂದು ಒಬ್ಬ ತಂದೆ ವಾದಿಸಿದರು. ಎರಡು ವರ್ಷದ ಮಗುವಿಗೆ ಇಷ್ಟ! ಅದು ಹಿಡಿಸೂಡಿ ಎಳೆದುಕೊಂಡು ಬರುತ್ತದೆ, ನಾವು "ಕಸ ಹರಡಬೇಡ, ಆಚೆ ಹೋಗು" ಎಂದು ಓಡಿಸುತ್ತೇವೆ. ಹತ್ತನೇ ವಯಸ್ಸಿನಲ್ಲಿ ಅದೇ ಮಗುವನ್ನು ಕರೆದು, ಹಿಡಿಸೂಡಿ ಕೊಟ್ಟು, ಮೇಲೆ ಹಣವನ್ನೂ ಕೊಡುತ್ತೇವೆ.

ನಮ್ಮ ಕಡೆ ಬೇಸಗೆ ರಜೆಯಲ್ಲಿ ಹಲಸಿನ ಹಪ್ಪಳ ಮಾಡುವುದನ್ನು ನೋಡಿ. ಬೇಯಿಸಿದ ಸೊಳೆಯನ್ನು ಅರೆದು, ಮೆಣಸು ಉಪ್ಪು ಬೆರೆಸಿ ಉಂಡೆ ಕಟ್ಟುವವರು ದೊಡ್ಡವರು. ಮಣೆಯಲ್ಲಿ ಒತ್ತಿ ಚಾಪೆಗೆ ಹರಡುವುದು, ಕಾಗೆ ಓಡಿಸುವುದು ಮಕ್ಕಳ ಪಾಲು. ಒತ್ತುತ್ತಾ ಒತ್ತುತ್ತಾ ತೆಂಗಿನೆಣ್ಣೆ ಹಚ್ಚಿದ ಹಸಿ ಹಿಟ್ಟಿನ ಉಂಡೆ ಬಾಯಿಗೂ ಬೀಳುತ್ತದೆ. ಬಹುಮಾನ ಎಂದರೆ ನನಗೆ ಅದು. ಕೆಲಸದ ಒಳಗಿಂದಲೇ, ಆಗಲೇ, ಎಲ್ಲರಿಗೂ ಸಿಗುವುದು. ಕಂಬಳದಲ್ಲಿ ಓಡುವುದು ಕೋಣ, ಪವನು ಚಿನ್ನ ಮನೆಗೆ ಒಯ್ಯುವುದು ಯಜಮಾನ. ಎಷ್ಟೋ ಮನೆಗಳ ನಕ್ಷತ್ರಪಟ್ಟಿಯೂ ಹೀಗೆಯೇ, ನೆಮ್ಮದಿ ತಂದೆತಾಯಿಗೆ, ಓಟ ಮಗುವಿಗೆ.

ಇನ್ನೊಂದು ಮಾತು ಹೇಳಲೇಬೇಕು, ಕೆಲವರಿಗೆ ಇರುಸುಮುರುಸಾದರೂ. ಬಹುಮಾನದ ಪ್ರಶ್ನೆ ನನ್ನ ಬಳಿ ಬರುವುದು ಹೆಚ್ಚಾಗಿ ಗಂಡುಮಕ್ಕಳ ಬಗ್ಗೆ. ಅಕ್ಕ ಬೆಳಗ್ಗೆ ಅಂಗಳ ಗುಡಿಸಿ, ಸಂಜೆ ಪಾತ್ರೆ ತೊಳೆದಿಟ್ಟರೆ "ಒಳ್ಳೆಯ ಹುಡುಗಿ" ಎಂಬ ಒಂದು ಮಾತು, ಅದೂ ನೆನಪಾದರೆ. ತಮ್ಮ ಅಂಗಡಿಯಿಂದ ಅರ್ಧ ಲೀಟರ್ ಹಾಲು ತಂದರೆ ಚಿಲ್ಲರೆ ಅವನ ಜೇಬಿಗೆ. ಹೆಣ್ಣಿನ ಕಡೆಯಿಂದ ವಂಶ, ಆಸ್ತಿ ಸಾಗುತ್ತಿದ್ದ ಅಳಿಯಸಂತಾನ ಕಟ್ಟಿನ ನಾಡು ಎಂದು ಹೆಮ್ಮೆ ಪಡುವ ನಮ್ಮ ಮನೆಗಳಲ್ಲೇ ಇದು ನಡೆಯುತ್ತದೆ. ಪಟ್ಟಿ ಮಾಡುವುದಿದ್ದರೆ ಮೊದಲು ಈಗ ಯಾರು ಯಾವ ಕೆಲಸವನ್ನು ಬಿಟ್ಟಿ ಮಾಡುತ್ತಿದ್ದಾರೆ ಎಂಬ ಪಟ್ಟಿ ಮಾಡಿ. ಹುಡುಗಿಯರು ಇದನ್ನು ಗಮನಿಸುವುದಿಲ್ಲ ಎಂದುಕೊಳ್ಳಬೇಡಿ. ತರಗತಿಯಲ್ಲಿ ನನಗೆ ಬಂದು ಹೇಳುತ್ತಾರೆ.

ಇಷ್ಟಾದರೂ ಬಹುಮಾನ ಬೇಕೇ ಬೇಕು ಎನ್ನುವವರು ಒಮ್ಮೆಗೆ ಒಂದೇ ಕೆಲಸ ಹಿಡಿಯಿರಿ. "ಕೋಣೆ ಚೊಕ್ಕ ಮಾಡು" ಎಂದರೆ ಎಂಟು ವರ್ಷದವನಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. "ನೆಲದ ಮೇಲಿನ ಬಟ್ಟೆ ಬುಟ್ಟಿಗೆ" ಎಂದರೆ ತಿಳಿಯುತ್ತದೆ. ಕೊಡುವುದನ್ನು ಅಂದೇ ಕೊಡಿ. ಬೇರೆ ತಪ್ಪಿಗೆ ಶಿಕ್ಷೆಯೆಂದು ಗಳಿಸಿದ್ದನ್ನು ಕಿತ್ತುಕೊಳ್ಳಬೇಡಿ, ನಿಮ್ಮ ಸಂಬಳವನ್ನು ಹಾಗೆ ಹಿಡಿದರೆ ಸುಮ್ಮನಿರುತ್ತೀರಾ? ಅಭ್ಯಾಸ ಕೂತ ಮೇಲೆ ಮೆಲ್ಲನೆ ಕಡಿಮೆ ಮಾಡಿ. ಮೊಬೈಲನ್ನು ಮಾತ್ರ ಬಹುಮಾನ ಮಾಡಬೇಡಿ, ಅದರ ಬೆಲೆಯನ್ನು ನೀವೇ ಏರಿಸಿದಂತಾಗುತ್ತದೆ.

ಹೈಸ್ಕೂಲು ಮುಟ್ಟಿದವರ ಬಳಿ ನಕ್ಷತ್ರ ನಡೆಯುವುದಿಲ್ಲ. ಅವರಿಗೆ ಒಂದು ಹೊಣೆಯನ್ನು ಪೂರ್ತಿಯಾಗಿ ಬಿಟ್ಟುಕೊಡಿ. ಭಾನುವಾರದ ತಿಂಡಿ ಅವನದು ಎಂದಾದರೆ ಅಕ್ಕಿ ನೆನೆಹಾಕುವುದರಿಂದ ಹಿಡಿದು ಕಾವಲಿ ತೊಳೆದಿಡುವವರೆಗೂ ಅವನದೇ. ನೀರುದೋಸೆ ದಪ್ಪವಾದರೂ ಸುಮ್ಮನೆ ತಿನ್ನಬೇಕು. ನಡುವೆ ಅಡುಗೆಮನೆಗೆ ನುಗ್ಗಿ ಹಿಟ್ಟಿಗೆ ನೀರು ಸುರಿಯಬಾರದು.