ಕಾಲು ನೋವಿಗೆ ಕೈ ಎಕ್ಸ್‌ರೇ

"ನೋವು ಇರೋದು ಮೊಣಕಾಲಿಗೆ, ಕೈ ಫೋಟೋ ಯಾಕ ತೆಗಿತಾರ?" ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತು ಅವ್ವ ನನ್ನನ್ನೇ ಗದರಿದಳು. ನನಗೂ ಗೊತ್ತಿರಲಿಲ್ಲ. ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಮುಂಗೈ ಅಂತಲೇ ಇತ್ತು.

ನಮ್ಮದು ಯಲಬುರ್ಗಾ ಕಡೆಯ ಊರು. ಅವತ್ತು ಮೊದಲ ಬಸ್ಸಿಗೇ ಕೊಪ್ಪಳಕ್ಕೆ ಹೊರಟಿದ್ದೆವು. ಬಸ್ಸಿನ ಮೆಟ್ಟಿಲು ಹತ್ತುವುದಕ್ಕೇ ಅವ್ವನಿಗೆ ಎರಡು ನಿಮಿಷ ಹಿಡಿಯಿತು, ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡೇ ಕಾದ. ಆಕೆಗಿನ್ನೂ ಅರವತ್ತು ತುಂಬಿಲ್ಲ. ಐದಾರು ವರ್ಷದಿಂದ ಸೊಂಟ, ಕುತ್ತಿಗೆ, ಮೊಣಕಾಲು ಎಲ್ಲ ಹಿಡಿದುಕೊಂಡಿವೆ. ಊರಲ್ಲಿ ಎಲ್ಲರೂ ವಾತ ಅಂದರು. ಒಬ್ಬರು ಸೂಜಿ ಮಾಡಿದರು, ಇನ್ನೊಬ್ಬರು ಎಣ್ಣೆ ಕೊಟ್ಟರು. ನೋವಿನ ಗುಳಿಗೆಯನ್ನಂತೂ ಅವ್ವ ಶೇಂಗಾ ತಿಂದ ಹಾಗೆ ತಿಂದಿದ್ದಾಳೆ.

ಡಾಕ್ಟರು ಇನ್ನೂ ಹುಡುಗ. ನಾನು ಹಿಡಿದುಕೊಂಡು ಹೋಗಿದ್ದ ಹಳೇ ಚೀಟಿಗಳ ಕಟ್ಟು ಮುಟ್ಟಲೇ ಇಲ್ಲ. "ಅಮ್ಮ, ನಿಂತ್ಕೊಂಡು ಗದ್ದ ಎದೆಗೆ ಮುಟ್ಟಿಸ್ರಿ" ಅಂದರು. ಮುಟ್ಟಲಿಲ್ಲ, ನಾಲ್ಕು ಬೆರಳು ಹಿಡಿಯುವಷ್ಟು ಜಾಗ ಉಳಿಯಿತು. "ಬಗ್ಗಿ ಕಾಲ ಬೆರಳು ಮುಟ್ರಿ." ಕೈ ಮೊಣಕಾಲಿನ ಹತ್ತಿರವೇ ನಿಂತಿತು. "ಎರಡೂ ಕೈ ಎತ್ತಿ ತಲೆ ಹಿಂದೆ ಇಡ್ರಿ." ಅವ್ವ ಕಿವಿಯ ತನಕ ಎತ್ತಿ, "ಇಷ್ಟ ನೋಡ್ರೀ" ಅಂದಳು. ಜಡೆ ಹಾಕಿಕೊಳ್ಳೋಕೆ ಆಗದೆ ಆಕೆ ದಿನಾ ಪಕ್ಕದ ಮನೆಗೆ ಹೋಗುತ್ತಿದ್ದುದು ನನಗೆ ಆಗ ನೆನಪಾಯಿತು. ಸುಮ್ನೆ ಮಾತಾಡೋಕೆ ಹೋಗ್ತಾಳೆ ಅಂದುಕೊಂಡಿದ್ದೆ.

"ಯಾವ ನೀರು ಕುಡಿತೀರಿ?"

"ಬೋರಿಂಗ್ ನೀರ್ರೀ. ಮದುವಿ ಆಗಿ ಬಂದಾಗಿಂದ ಅದ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಬಾಯಿ ತೆಗೆದಾಗಲೇ ನನಗೆ ಅನುಮಾನ ಬಂತು."

ನನ್ನ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆಗಳಿವೆ. ಕಾಲೇಜಿನಲ್ಲಿ ಎಲ್ಲರೂ ಗುಟ್ಕಾ ಅಂದುಕೊಂಡಿದ್ದರು. ನಾನು ಜೀವಮಾನದಲ್ಲಿ ಗುಟ್ಕಾ ಮುಟ್ಟಿದವನಲ್ಲ. ಇಟ್ಟಿಗೆ ಪುಡಿ, ಬೂದಿ, ಉಪ್ಪು, ಎಲ್ಲದರಲ್ಲೂ ತಿಕ್ಕಿ ನೋಡಿದ್ದೆ, ಒಸಡಿನಲ್ಲಿ ರಕ್ತ ಬಂತೇ ಹೊರತು ಗೆರೆ ಹೋಗಲಿಲ್ಲ. ಹೋಗುವುದೂ ಇಲ್ಲವಂತೆ. ಹಲ್ಲು ಇನ್ನೂ ಒಸಡಿನ ಒಳಗೆ ತಯಾರಾಗುವಾಗಲೇ, ಅಂದರೆ ಸುಮಾರು ಎಂಟು ವರ್ಷದೊಳಗೆ, ನೀರಿನಲ್ಲಿ ಕರಗಿರುವ ಫ್ಲೋರೈಡ್ ಅನ್ನುವ ಲವಣ ಜಾಸ್ತಿಯಾದರೆ ಹೀಗಾಗುತ್ತದೆ.

ಎಕ್ಸ್‌ರೇ ಬಂತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಮುಂಗೈಯಲ್ಲಿ ಎರಡು ಎಲುಬು. ಅವುಗಳ ನಡುವೆ ಒಂದು ತೆಳುವಾದ ಪೊರೆ ಇರುತ್ತದೆ, ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಅದು ಕಾಣುವುದೇ ಇಲ್ಲ. ಅವ್ವನ ಕೈಯಲ್ಲಿ ಕಾಣುತ್ತಿತ್ತು. ಎಲುಬಿನ ಅಂಚಿನಿಂದ ಜಾಲಿಮುಳ್ಳಿನ ಹಾಗೆ ಬೆಳ್ಳಗೆ ಹೊರಗೆ ಚಾಚಿತ್ತು. ವರ್ಷಗಟ್ಟಲೆ ಫ್ಲೋರೈಡ್ ಮೈಗೆ ಸೇರಿದರೆ ಆ ಪೊರೆ ಹೀಗೆ ಎಲುಬಿನಂತೆ ಗಟ್ಟಿಯಾಗುತ್ತದಂತೆ, ಮೊಣಕಾಲು ನೋವು ಅಂತ ಬಂದವರ ಮುಂಗೈ ನೋಡುವುದು ಇದಕ್ಕೇ.

ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ನಮ್ಮ ಕಡೆ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಆ ಕಲ್ಲಿನಿಂದಲೇ ಅದು ನೀರಿಗಿಳಿಯುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ.

"ನಾ ಕಾಸಿ ಆರಿಸಿನ ಕುಡಿತೀನ್ರೀ" ಅಂದಳು ಅವ್ವ, ಸ್ವಲ್ಪ ಜಂಬದಿಂದಲೇ. ಡಾಕ್ಟರು ತಲೆ ಅಲ್ಲಾಡಿಸಿದರು. ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅವ್ವನ ಮುಖ ನೋಡೋಕಾಗಲಿಲ್ಲ ನನಗೆ. ಎಷ್ಟು ಕಟ್ಟಿಗೆ ಸುಟ್ಟಿದ್ದಳೋ!

ನಾನು ಕೇಳಿದೆ, "ನಮ್ಮಪ್ಪನೂ ಅದೇ ನೀರು ಕುಡಿದಿದ್ದು ಸರ್. ಅರವತ್ತೈದು ವಯಸ್ಸು. ಈಗಲೂ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದ್ತಾರೆ."

"ಅಪ್ಪ ಏನು ಮಾಡ್ತಿದ್ರು?"

ಲಾರಿ ಓಡಿಸುತ್ತಿದ್ದರು. ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲೇ ಇರುತ್ತಿರಲಿಲ್ಲ. ಹೇಳುತ್ತಾ ಹೋದ ಹಾಗೆ ಉತ್ತರ ನನ್ನ ಬಾಯಿಂದಲೇ ಬರತೊಡಗಿತು. ಅವ್ವ ಪರರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಏಪ್ರಿಲ್ ಬಿಸಿಲಿನಲ್ಲಿ ಹೊಲದ ಬೋರಿನ ನೀರನ್ನೇ ಬಿಂದಿಗೆಗಟ್ಟಲೆ ಕುಡಿಯುತ್ತಿದ್ದಳು. ಬಿಸಿಲಲ್ಲಿ ದುಡಿಯುವವರು ನೀರು ಜಾಸ್ತಿ ಕುಡಿಯುತ್ತಾರೆ, ನೀರಿನ ಜೊತೆ ಅದೂ ಜಾಸ್ತಿ ಹೋಗುತ್ತದೆ. ಮೂರು ಹೆರಿಗೆ, ಮೂರೂ ಮಕ್ಕಳಿಗೆ ಎದೆಹಾಲು. ಮೈಯಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರ ಎಲುಬಿಗೆ ಫ್ಲೋರೈಡ್ ಕಾಟ ಹೆಚ್ಚು. ಮನೆಯಲ್ಲಿ ಎಮ್ಮೆ ಇತ್ತಲ್ಲ ಅಂದರೆ, ಹಾಲು ಡೇರಿಗೆ, ಡೇರಿಯ ದುಡ್ಡು ಸಾಲಕ್ಕೆ. ಉಳಿದದ್ದರಲ್ಲಿ ಅಪ್ಪನಿಗೆ, ನಮಗೆ ಒಂದೊಂದು ಲೋಟ. ಅವ್ವನಿಗೆ ಕರೇ ಚಹಾ. ಚಹಾ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಮೇಲೆ ಆ ಗುಳಿಗೆಗಳು. ಮೈಯಿಂದ ಫ್ಲೋರೈಡ್ ಹೊರಗೆ ಹಾಕುವುದು ಕಿಡ್ನಿ, ನೋವಿನ ಗುಳಿಗೆ ಬಹಳ ದಿನ ತಿಂದರೆ ಪೆಟ್ಟು ಬೀಳುವುದೂ ಕಿಡ್ನಿಗೇ. ರಕ್ತ ಪರೀಕ್ಷೆ ಬರೆದರು.

ನನ್ನ ತಮ್ಮ ಏಳು ವರ್ಷದ ತನಕ ತುಂಗಭದ್ರೆ ದಂಡೆಯ ಅಜ್ಜಿಯ ಊರಲ್ಲಿ ಬೆಳೆದ. ಕೂಸನ್ನು ಹೊಲಕ್ಕೆ ಎತ್ತಿಕೊಂಡು ಹೋಗೋಕಾಗದೆ ಅವ್ವ ಬಿಟ್ಟು ಬಂದಿದ್ದಳು. ಅವನ ಹಲ್ಲು ಮಲ್ಲಿಗೆ ಮೊಗ್ಗು. ನನ್ನದೂ ಅಕ್ಕನದೂ ಹೀಗೆ. ಅಕ್ಕನನ್ನು ನೋಡೋಕೆ ಬಂದ ಎರಡು ಕಡೆಯವರು ಆಕೆ ನಕ್ಕ ಮೇಲೆ ತಿರುಗಿ ಬರಲಿಲ್ಲ. ಆಮೇಲೆ ಅಕ್ಕ ಫೋಟೋದಲ್ಲಿ ಬಾಯಿ ಮುಚ್ಚಿಯೇ ನಗೋದು.

ಎಲುಬಿಗೆ ಸೇರಿದ್ದನ್ನು ತೆಗೆಯುವ ಔಷಧಿ ಇಲ್ಲ ಅಂದರು ಡಾಕ್ಟರು. ನೀರು ಬದಲಿಸಿ, ಹಾಲು ಮಜ್ಜಿಗೆ ಸೊಪ್ಪು ತಿನ್ನಿ, ನಿಂಬೆ ನೆಲ್ಲಿಕಾಯಿ ತಿನ್ನಿ, ಗುಳಿಗೆ ನಿಲ್ಲಿಸಿ. ಊರಲ್ಲಿ ಶುದ್ಧ ನೀರಿನ ಘಟಕ ಇದೆ, ಐದು ರೂಪಾಯಿ ಹಾಕಿದರೆ ಒಂದು ಕ್ಯಾನು. ಕರೆಂಟಿದ್ದರೆ, ಮಷಿನ್ ಕೆಟ್ಟಿರದಿದ್ದರೆ. ಇರೋದು ಬಸ್‌ಸ್ಟ್ಯಾಂಡ್ ಹತ್ತಿರ, ನಮ್ಮ ಓಣಿ ಊರಿನ ಆ ತುದಿ. ಬೈಕ್ ಇದ್ದ ಮನೆಯವರು ಎರಡೆರಡು ಕ್ಯಾನು ತರುತ್ತಾರೆ. ಮೊಣಕಾಲು ಹೋದವಳು ಇಪ್ಪತ್ತು ಲೀಟರ್ ಹೇಗೆ ಹೊರಬೇಕು? ಅಡುಗೆಗೂ ಅದೇ ನೀರು ಹಾಕಿ ಅಂದಾಗ ಅವ್ವ ನಕ್ಕೇಬಿಟ್ಟಳು.

ಎದ್ದು ಹೊರಡುವಾಗ ಆಕೆಯೊಂದು ಪ್ರಶ್ನೆ ಕೇಳಿದಳು. "ಎಮ್ಮೀನೂ ಅದ ನೀರು ಕುಡಿತೈತ್ರೀ. ಹಾಲಿನಾಗೂ ಬರತೈತೇನು?" ಹಾಲಿಗೆ ಇಳಿಯುವುದು ಬಹಳ ಕಡಿಮೆ, ಧೈರ್ಯವಾಗಿ ಕುಡೀರಿ ಅಂದರು.

ಊರು ಮುಟ್ಟಿದಾಗ ಕತ್ತಲಾಗಿತ್ತು. ಅವ್ವ ಚಪ್ಪಲಿ ಬಿಟ್ಟವಳೇ ನೇರ ದನದ ಕೊಟ್ಟಿಗೆಗೆ ಹೋದಳು. "ಬ್ಯಾಟ್ರಿ ಹಿಡಿ ಇಲ್ಲಿ" ಅಂದಳು. ಎಮ್ಮೆಯ ಕೆಳತುಟಿ ಎಳೆದು ಹಿಡಿದು, ಬಗ್ಗೋಕಾಗದೆ ಸೊಂಟದ ಮೇಲೆ ವಾಲಿಕೊಂಡು ನೋಡಿದಳು. ಹಲ್ಲಿನ ಮೇಲೆ ಕಂದು ಗೆರೆ. ನನ್ನವೇ.

"ಇದಕ್ಕೂ ಐದು ರೂಪಾಯಿ ನೀರು ಹಾಕಬೇಕೇನೋ?" ಅಂದಳು ಅವ್ವ.

ಎಮ್ಮೆ ದಿನಕ್ಕೆ ಎರಡು ಮೂರು ಕ್ಯಾನು ನೀರು ಕುಡಿಯುತ್ತದೆ. ನಾನು ಬ್ಯಾಟರಿ ಆರಿಸಿದೆ.